ನನ್ನ ಎಡಗೈಗೆ ಅಕ್ಷರ ಬಂದ ವರ್ಷ

ಕಂಪಲಾಪುರದ ನಮ್ಮ ಮನೆಯಲ್ಲಿ ಗುಟ್ಟು ಇಟ್ಟುಕೊಳ್ಳುವುದು ಯಾರಿಗೂ ಸಾಧ್ಯವಿರಲಿಲ್ಲ. ರಸ್ತೆ ಕಡೆಯ ಜಗಲಿ ದಾಟಿದರೆ ನಡುಮನೆ, ಅದರ ಒಂದು ಪಕ್ಕಕ್ಕೆ ದನದ ಕೊಟ್ಟಿಗೆ, ಇನ್ನೊಂದು ಪಕ್ಕಕ್ಕೆ ಅಡುಗೆಮನೆ, ಹಿಂದೆ ಹಿತ್ತಲು. ನಾಲ್ಕು ಕಡೆಯ ಬಾಗಿಲೂ ಹಗಲೆಲ್ಲ ತೆರೆದೇ ಇರುತ್ತಿದ್ದವು. ಅಡುಗೆಮನೆಯಲ್ಲಿ ಅವ್ವ ನನ್ನನ್ನು ಬೈದರೆ, ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತ ಅಜ್ಜಿ ಅಲ್ಲಿಂದಲೇ ಇನ್ನೆರಡು ಮಾತು ಸೇರಿಸುತ್ತಿದ್ದಳು. ಕೊಟ್ಟಿಗೆಯಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದ ಅಪ್ಪ ಸುಮ್ಮನೆ ಒಮ್ಮೆ ಕೆಮ್ಮಿ, ತಾನು ನನ್ನ ಪಕ್ಷ ಎಂದು ತಿಳಿಸುತ್ತಿದ್ದ. ಇದ್ದದ್ದು ಐದೇ ಜನ. ಅಜ್ಜಿ, ಅಪ್ಪ, ಅವ್ವ, ನನಗಿಂತ ಎರಡು ವರ್ಷ ದೊಡ್ಡವಳಾದ ಅಕ್ಕ ಮಂಜುಳ, ನಾನು. ಆದರೂ ರಸ್ತೆಯಲ್ಲಿ ಹಾದುಹೋಗುವವರು ನಮ್ಮ ಮನೆಗೆ ನೆಂಟರು ಬಂದಿದ್ದಾರೆ ಎಂದುಕೊಳ್ಳುವಷ್ಟು ಗದ್ದಲ. ಅದರಲ್ಲಿ ಅರ್ಧ ಪಾಲು ಅಕ್ಕನದೇ. ಅವಳು ಊರಿನ ಯಾರ ನಡಿಗೆಯನ್ನು ಬೇಕಾದರೂ ನಡೆದು ತೋರಿಸುತ್ತಿದ್ದಳು. ಡೇರಿಗೆ ಹಾಲು ಹಾಕಲು ಬರುವ ಹೆಂಗಸರಿಂದ ಹಿಡಿದು ಹೈಸ್ಕೂಲಿನ ಹೆಡ್‌ಮಾಸ್ಟರರ ತನಕ ಎಲ್ಲರೂ ನಮ್ಮ ನಡುಮನೆಯಲ್ಲಿ ಸಂಜೆ ಹೊತ್ತು ಒಂದು ಸುತ್ತು ನಡೆದುಹೋಗುತ್ತಿದ್ದರು.

ಗದ್ದಲ ನಿಲ್ಲುತ್ತಿದ್ದದ್ದು ಊಟದ ಹೊತ್ತಿನಲ್ಲಿ ಮಾತ್ರ. ಊಟ ಅಜ್ಜಿಯ ಆಡಳಿತಕ್ಕೆ ಸೇರಿದ್ದು. ಅವಳು ನಡುಮನೆಯ ಕಂಬಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದಳು, ಪಕ್ಕಕ್ಕೆ ಅಪ್ಪ, ಎದುರಿಗೆ ನಾವಿಬ್ಬರು. ಅವ್ವ ಹಬೆಯಾಡುವ ಮುದ್ದೆ ಇಟ್ಟು, ಹುರುಳಿಕಾಳಿನ ಸಾರೋ ಸೊಪ್ಪಿನ ಸಾರೋ ಬಿಟ್ಟು, ಕೊನೆಗೆ ತಾನೂ ಕೂರುತ್ತಿದ್ದಳು. ಮೊದಲ ತುತ್ತು ನುಂಗುವ ತನಕ ಯಾರೂ ಮಾತಾಡುವಂತಿಲ್ಲ. ತಟ್ಟೆಯನ್ನು ಕಾಲ ಕಡೆ ಎಳೆದುಕೊಳ್ಳುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಎಡಗೈ ತೊಡೆ ಬಿಟ್ಟು ಮೇಲೆ ಬರುವಂತಿಲ್ಲ. ನನ್ನ ಎಡಗೈ ಮರೆತು ನೀರಿನ ಲೋಟದ ಕಡೆ ಹೋಯಿತೆಂದರೆ ಅಜ್ಜಿಯ ದನಿ ಚಾಟಿಯಂತೆ ಬೀಳುತ್ತಿತ್ತು.

"ಸೋಬಾ, ಎಡಗೈ!"

ಅಷ್ಟೇ. ನನ್ನ ಹೆಸರು ಶೋಭ. ಅಜ್ಜಿಯ ಬಾಯಲ್ಲಿ ಅದು ಯಾವತ್ತೂ ಸೋಬ. ಬೇರೆ ಎಲ್ಲ ವಿಷಯದಲ್ಲೂ ನಮ್ಮನ್ನು ಮುದ್ದು ಮಾಡುತ್ತಿದ್ದ ಅಜ್ಜಿ ಎಡಗೈ ವಿಷಯದಲ್ಲಿ ಮಾತ್ರ ಯಾಕಷ್ಟು ಕಟುವಾಗುತ್ತಾಳೆ ಎಂದು ನಾವು ಕೇಳಿದವರಲ್ಲ. ಎಲ್ಲ ಮನೆಯಲ್ಲೂ ಇರುವ ಕಟ್ಟಳೆ, ನಮ್ಮಲ್ಲಿ ಒಂದು ಹಿಡಿ ಜಾಸ್ತಿ ಎಂದುಕೊಂಡಿದ್ದೆವು.

ನಾನು ಒಂಬತ್ತನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ಅಕ್ಕ ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದಳು. ಗಣಿತ, ಇಂಗ್ಲಿಷ್ ಎರಡರಲ್ಲೂ. ಸುದ್ದಿ ತಂದವರ ಮುಂದೆ ಅಳಲಿಲ್ಲ, ಒಳಗೆ ಹೋಗಿ ರಾಗಿ ಮೂಟೆಗಳ ಹಿಂದೆ ಕೂತುಬಿಟ್ಟಳು. ಅವತ್ತಿನಿಂದ ನಡುಮನೆಯಲ್ಲಿ ಯಾರ ನಡಿಗೆಯೂ ನಡೆಯಲಿಲ್ಲ. ಮರುಪರೀಕ್ಷೆಗೆ ಕಟ್ಟು ಎಂದು ಅಪ್ಪ ಹೇಳಿದ್ದಕ್ಕೆ, ಇನ್ನೊಂದು ಸಲ ಫೇಲಾಗಿ ಊರಿನವರ ಬಾಯಿಗೆ ಬೀಳುವ ಶಕ್ತಿ ನನಗಿಲ್ಲ ಎಂದಳು. ಅಜ್ಜಿ ಇದಕ್ಕೆ ತನ್ನದೇ ಪರಿಹಾರ ಹುಡುಕಿದ್ದಳು.

"ಮಿರ್ಲೆ ಕಡೆಯಿಂದ ಒಂದ್ ಗಂಡು ಅದಂತೆ ಕಣ್ಲಾ. ನೀರಾವರಿ ಜಮೀನು, ಒಳ್ಳೆ ಜನ. ಓದು ತಲೆಗೆ ಅತ್ತದಿದ್ಮೇಲೆ ಮಗಿನ್ನ ಯಾಕ್ ಇಂಸೆ ಮಾಡೀಯೆ?"

"ನೋಡಾನ ಬುಡವ್ವ," ಎಂದು ಅಪ್ಪ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದ. ಅಪ್ಪನ 'ನೋಡಾನ' ಎಂದರೆ ಇಷ್ಟವಿಲ್ಲ ಎಂದರ್ಥ. ಆದರೆ ಎಷ್ಟು ದಿನ ಆ ಮಾತು ತಡೆದೀತು ಎಂಬ ಭಯ ನನಗಿತ್ತು.

ಮಳೆಗಾಲ ಶುರುವಾಗಿ, ನಾನು ಹತ್ತನೆಯ ತರಗತಿಗೆ ಹೋಗತೊಡಗಿದ್ದೆ. ಒಂದು ಭಾನುವಾರ ಬೆಳಗ್ಗೆ ಅಕ್ಕ ನಾನು ಕೊಟ್ಟಿಗೆಯಲ್ಲಿ ಮೇವು ಕತ್ತರಿಸುತ್ತಿದ್ದೆವು. ಕೈಯಲ್ಲಿ ತಿರುಗಿಸುವ ಮಿಷನ್ನು ಅದು. ದೊಡ್ಡ ಚಕ್ರ, ಚಕ್ರಕ್ಕೆ ಎರಡು ಅಲಗು, ಒಂದು ಹಿಡಿ. ಒಬ್ಬರು ಹಿಡಿ ತಿರುಗಿಸಬೇಕು, ಇನ್ನೊಬ್ಬರು ಅದರ ಬಾಯಿಗೆ ಜೋಳದ ಕಡ್ಡಿ ತಳ್ಳಬೇಕು. ಅಕ್ಕ ತಿರುಗಿಸುತ್ತಿದ್ದಳು. ಎರಡು ತಿಂಗಳಿಂದ ನಗದ ಅಕ್ಕನನ್ನು ನಗಿಸಲೇಬೇಕೆಂದು ನಾನು ಅವತ್ತು ಹಟ ಹಿಡಿದು, ನಮ್ಮ ಗಣಿತದ ಮೇಷ್ಟ್ರು ಸಿದ್ದರಾಜು ಅವರಂತೆ ಮೂಗಿನ ಮೇಲಿನ ಕನ್ನಡಕ ಏರಿಸಿಕೊಳ್ಳುತ್ತ, 'ಸುಲಭ ಕಣ್ರಮ್ಮಾ, ಬಾಳೆಹಣ್ಣು ಸುಲಿದಂಗೆ' ಎಂದು ಹೇಳುತ್ತಿದ್ದೆ. ಅಕ್ಕನಿಗೆ ಕಡೆಗೂ ನಗು ಬಂತು. ತಡೆದುಕೊಳ್ಳಲಾರದ ನಗು, ಕಣ್ಣಲ್ಲಿ ನೀರು ಬರುವ ನಗು. ಅವಳು ನಗುತ್ತಲೇ ಚಕ್ರ ತಿರುಗಿಸಿದಳು, ನಾನು ಅವಳ ಮುಖ ನೋಡುತ್ತಲೇ ಕಡ್ಡಿ ತಳ್ಳಿದೆ.

ಬಲಗೈಯ ನಡುವಿನ ಮೂರು ಬೆರಳು ಹೋದವು. ಹೆಬ್ಬೆರಳು, ಕಿರುಬೆರಳು ಉಳಿದವು. ಮೈಸೂರಿನ ಆಸ್ಪತ್ರೆಯಲ್ಲಿ ಮೂರು ವಾರ ಇದ್ದು ಮನೆಗೆ ಬಂದಾಗ ಅಪ್ಪ ಆ ಮಿಷನ್ನನ್ನು ಗೋಣಿಚೀಲದಲ್ಲಿ ಸುತ್ತಿ, ಹಗ್ಗ ಬಿಗಿದು, ಮೂಲೆಗೆ ತಳ್ಳಿದ್ದ. ಅಕ್ಕ ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ. ನಾನು ನಡುಮನೆಗೆ ಬಂದರೆ ಅವಳು ಹಿತ್ತಲಿಗೆ, ನಾನು ಹಿತ್ತಲಿಗೆ ಹೋದರೆ ಅವಳು ಅಡುಗೆಮನೆಗೆ. ಅಷ್ಟು ಚಿಕ್ಕ ಮನೆಯಲ್ಲಿ ಒಬ್ಬರಿಗೊಬ್ಬರು ಸಿಗದಂತೆ ಬದುಕುವುದು ಎಷ್ಟು ಕಷ್ಟದ ಕೆಲಸವೆಂದು ಈಗ ಯೋಚಿಸಿದರೆ ಆಶ್ಚರ್ಯವಾಗುತ್ತದೆ. ನನಗೆ ಅವಳ ಮೇಲೆ ಸಿಟ್ಟಿರಲಿಲ್ಲ. ನಗಿಸಿದವಳು ನಾನು ಎಂಬುದು ನನಗೆ ಗೊತ್ತಿತ್ತು. ಆದರೆ ಹೇಳುವುದಕ್ಕೆ ಅವಳು ನಿಂತರೆ ತಾನೆ? ನನ್ನ ಸಿಟ್ಟೆಲ್ಲ ಊಟದ ಮೇಲಿತ್ತು. ಹದಿನೈದು ವರ್ಷದ ಹುಡುಗಿಗೆ ಅವ್ವ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ನೋಡಲು ಬಂದ ಹೆಂಗಸರು ಎದುರಿಗೆ ಕೂತು, ಅಯ್ಯೋ ಪಾಪ ಎಂದು ನನ್ನ ಬಾಯನ್ನೇ ನೋಡುತ್ತಿದ್ದರು. ಎಷ್ಟೋ ಸಲ ಹಸಿವಿದ್ದರೂ ಸಾಕು ಎಂದು ಎದ್ದುಬಿಟ್ಟಿದ್ದೇನೆ.

ಒಂದು ಮಧ್ಯಾಹ್ನ ಸಿದ್ದರಾಜು ಮೇಷ್ಟ್ರು ನನ್ನ ತರಗತಿಯವರ ನೋಟ್‌ಬುಕ್ಕುಗಳನ್ನು ಒಂದು ಚೀಲದಲ್ಲಿ ತುಂಬಿ ತಂದುಕೊಟ್ಟು ಹೋದರು. ತಪ್ಪಿಹೋದ ಪಾಠಗಳನ್ನೆಲ್ಲ ಬರೆದುಕೊಳ್ಳಬೇಕಿತ್ತು. ನಾನು ಎಡಗೈಯಲ್ಲಿ ಪೆನ್ನು ಹಿಡಿದು ಒಂದು ಸಾಲು ಬರೆದೆ. ಒಂದನೆಯ ತರಗತಿಯ ಮಗು ಕೂಡ ನಾಚಿಕೊಳ್ಳುವ ಅಕ್ಷರ. 'ಅ' ಎಂಬುದು ಮಗುಚಿಬಿದ್ದ ಬುಟ್ಟಿಯ ಹಾಗೆ ಕಾಣುತ್ತಿತ್ತು. ತಲೆ ಎತ್ತಿದರೆ ಅಡುಗೆಮನೆಯ ಬಾಗಿಲ ಹಿಂದೆ ಅಕ್ಕ ನಿಂತು, ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಾಳೆ. ನನಗೆ ಎಲ್ಲಿತ್ತೋ ಸಿಟ್ಟು. ನೋಟ್‌ಬುಕ್ಕನ್ನು ಅವಳ ಕಾಲ ಬುಡಕ್ಕೆ ಎಸೆದೆ.

"ನೀನ್ಯಾಕೆ ಅಳೀಯೆ? ನಿನ್ ಕೈ ನೆಟ್ಟಗೇ ಅದಲ್ಲ! ಅಳ್ತಾ ನಿಂತ್ಕಂಡ್ರೆ ಇದ್ನೆಲ್ಲಾ ಯಾರ್ ಬರೀತಾರೆ? ಬಂದು ಬರ್ಕೊಡು!"

ಜಗಲಿಯಿಂದ ಅಜ್ಜಿಯ ಮಾತು ಬರಲಿಲ್ಲ, ಕೊಟ್ಟಿಗೆಯಿಂದ ಅಪ್ಪನ ಕೆಮ್ಮೂ ಬರಲಿಲ್ಲ. ಅಕ್ಕ ಬಗ್ಗಿ ನೋಟ್‌ಬುಕ್ಕು ಎತ್ತಿಕೊಂಡು, ಅದರ ಧೂಳು ಒರೆಸಿ, ಬಂದು ನನ್ನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. ಮೂಗು ಒರೆಸಿಕೊಂಡು ಕೇಳಿದಳು:

"ಎಲ್ಲಿಂದ ಬರೀಬೇಕು?"

"ಮೊದಲಿಂದ."

ಹಾಗೆ ಶುರುವಾಯಿತು. ಗಾಯ ಮಾಗಿ ಮತ್ತೆ ಶಾಲೆಗೆ ಹೋಗತೊಡಗಿದ ಮೇಲೆ, ನಾನು ಸಂಜೆ ಬಂದು ಅವತ್ತಿನ ಪಾಠ ಹೇಳುವುದು, ಅವಳು ಬರೆಯುವುದು. ಮೊದಮೊದಲು ಸುಮ್ಮನೆ ಬರೆಯುತ್ತಿದ್ದಳು. ಒಂದು ವಾರವಾದ ಮೇಲೆ, ಇದು ಯಾಕೆ ಹೀಗೆ ಬಂತು, ಅದು ಎಲ್ಲಿಂದ ಬಂತು ಎಂದು ಪೆನ್ನು ನಿಲ್ಲಿಸಿ ಕೇಳತೊಡಗಿದಳು. ನನಗೆ ಗೊತ್ತಿಲ್ಲದಿದ್ದರೆ ಮರುದಿನ ಮೇಷ್ಟ್ರನ್ನು ಕೇಳಿಕೊಂಡು ಬರಲೇಬೇಕು, ಇಲ್ಲದಿದ್ದರೆ ಮುಂದಿನ ಸಾಲು ಬರೆಯುವುದಿಲ್ಲ ಎಂಬ ಹಟ. ಅವಳ ಪ್ರಶ್ನೆಗಳ ದೆಸೆಯಿಂದ ನಾನು ತರಗತಿಯಲ್ಲಿ ಕಣ್ಣು ಬಿಟ್ಟು ಕೂರುವಂತಾಯಿತು. ದಸರಾ ರಜೆಗೆ ಮುಂಚೆ ಒಂದು ದಿನ ಸಿದ್ದರಾಜು ಮೇಷ್ಟ್ರು ನನ್ನ ಗಣಿತದ ಪುಸ್ತಕ ತಿರುವಿ ಹಾಕುತ್ತ ಒಂದು ಪುಟದಲ್ಲಿ ನಿಂತರು.

"ಈ ಲೆಕ್ಕ ನಾನು ಬೋರ್ಡ್ ಮೇಲೆ ತಪ್ಪು ಮಾಡಿದ್ದೆ ಕಣಮ್ಮ. ನಿನ್ನ ಪುಸ್ತಕದಲ್ಲಿ ಸರಿಯಾಗಿದೆ. ಇದನ್ನ ಬರ್ದೋರು ಯಾರು?"

"ನಮ್ಮಕ್ಕ ಸಾರ್."

"ಗಣಿತದಲ್ಲಿ ಫೇಲಾದ ಮಂಜುಳಾನಾ?"

ಸಂಜೆ ಸೈಕಲ್ ತಳ್ಳಿಕೊಂಡು ಮೇಷ್ಟ್ರು ನಮ್ಮ ಜಗಲಿಗೆ ಬಂದರು. ಅವ್ವ ಕೊಟ್ಟ ಕಾಫಿ ಕುಡಿದು, ಅಕ್ಕನನ್ನು ಕರೆದು, ಆ ಪುಟ ತೆಗೆದು ತೋರಿಸಿದರು.

"ಮೇಷ್ಟ್ರು ತಪ್ಪು ಹಿಡಿಯೋ ಹುಡುಗಿ ಪರೀಕ್ಷೆಗೆ ಹೆದರ್ಕೊಂಡು ಮನೇಲಿ ಕೂತ್ರೆ ನಾನು ಯಾವ ಮುಖ ಇಟ್ಕೊಂಡು ಪಾಠ ಮಾಡ್ಲಮ್ಮ? ಈ ವರ್ಷ ನಿನ್ನ ತಂಗಿ ಜೊತೇಲೇ ಕಟ್ಟು. ಅರ್ಜಿ ನಾನೇ ತರ್ತೀನಿ."

ಮೇಷ್ಟ್ರು ಸೈಕಲ್ ಹತ್ತಿ ತಿರುವು ದಾಟಿದ್ದೇ ತಡ, ಮೂಗಿನ ಮೇಲೆ ಇಲ್ಲದ ಕನ್ನಡಕ ಏರಿಸಿಕೊಂಡು, ಇಲ್ಲದ ಸೈಕಲ್ಲು ತಳ್ಳಿಕೊಂಡು ನಡುಮನೆಯಲ್ಲಿ ಒಂದು ಸುತ್ತು ಬಂದಳು. ಅವ್ವ ಕಾಫಿ ಲೋಟ ಕೆಳಗಿಟ್ಟು ಅತ್ತೇಬಿಟ್ಟಳು. ಸಂತೋಷಕ್ಕೆ ಅಳುವವರನ್ನು ನಾನು ಮೊದಲು ನೋಡಿದ್ದು ಅವತ್ತೇ.

ಇತ್ತ ಊಟದ ವಿಷಯದಲ್ಲಿ ನಾವಿಬ್ಬರೂ ಬೇರೆ ಸಂಚು ಹೂಡಿದ್ದೆವು. ದಸರಾ ರಜೆಯಲ್ಲಿ ಮಧ್ಯಾಹ್ನ ಅಜ್ಜಿ ಜಗಲಿಯಲ್ಲಿ ನಿದ್ದೆ ಹೋದಾಗ ಅಕ್ಕ ತಟ್ಟೆ ತೆಗೆದುಕೊಂಡು ಕೊಟ್ಟಿಗೆಗೆ ಬರುತ್ತಿದ್ದಳು, ಎಮ್ಮೆಯ ಮರೆಯಲ್ಲಿ ಕೂತು ನಾನು ಎಡಗೈಯಲ್ಲಿ ಉಣ್ಣುವುದನ್ನು ಕಲಿಯುತ್ತಿದ್ದೆ. ಅನ್ನ ಹೇಗೋ ಆಗುತ್ತಿತ್ತು. ಮುದ್ದೆ ಮಾತ್ರ ಮಾತು ಕೇಳುತ್ತಿರಲಿಲ್ಲ. ಒಮ್ಮೆ ತಟ್ಟೆಯಿಂದ ಜಾರಿದ ಮುದ್ದೆ ಎಮ್ಮೆಯ ಬಾಯಿಗೇ ಹೋಯಿತು. ಒಂದು ದಿನ ಅಜ್ಜಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು.

"ಅನ್ನ ದ್ಯಾವ್ರು ಕಣೇ! ಎಡಗೈಲಿ ಮುಟ್ಟೀಯಾ?"

ಅವ್ವ ಅಡುಗೆಮನೆಯಿಂದ ಓಡಿ ಬಂದಳು. ಅಲ್ಲಿಯ ತನಕ ಅತ್ತೆಗೆ ಎದುರು ಮಾತಾಡದ ಅವ್ವ ಅವತ್ತು ನಮ್ಮ ಮುಂದೆ ಅಡ್ಡ ನಿಂತಳು.

"ಉಳ್ದಿರೋದು ಅದೊಂದೇ ಕೈ ಅತ್ತೆ. ಇನ್ಯಾವ ಕೈಲಿ ಉಣ್ಬೇಕು, ನೀವೇ ಯೋಳಿ."

"ನೀನ್ ಉಣ್ಸು. ನಿನ್ ಕೈಲಿ ಆಗ್ನಿಲ್ಲ ಅಂದ್ರೆ ನಾನ್ ಉಣ್ಸೀನಿ. ನಾನ್ ಇರೋಗಂಟ ಉಣ್ಸೀನಿ!"

"ನೀವು ಉಣ್ಸೀರಿ, ನಾನೂ ಉಣ್ಸೀನಿ. ಆಮೇಲೆ?"

ಅಜ್ಜಿ ಸೆರಗು ಕೊಡವಿ ಹೊರಟುಹೋದಳು. ಮೂರು ದಿನ ಅತ್ತೆ ಸೊಸೆಗೆ ಮಾತಿಲ್ಲ. ಒಂದೇ ಮನೆಯಲ್ಲಿ ಎದುರುಬದುರು ಕೂತು, 'ನಿಮ್ಮಜ್ಜಿಗೆ ಯೋಳು ಕಾಫಿ ಆರೋಯ್ತದೆ ಅಂತ', 'ನಿಮ್ಮವ್ವಂಗೆ ಯೋಳು ನಂಗೆ ಬ್ಯಾಡ ಅಂತ' ಎಂದು ನಮ್ಮ ಮೂಲಕ ಮಾತಾಡುತ್ತಿದ್ದರು. ನಾವು ಮನೆಯಲ್ಲಿ ಇಲ್ಲದಾಗ ಇಬ್ಬರೂ ಎಮ್ಮೆಗೆ ಹೇಳುತ್ತಿದ್ದರು ಎಂದು ಅಪ್ಪ ಆಮೇಲೆ ಹೇಳಿದ.

ನಾಲ್ಕನೆಯ ದಿನ ಭಾನುವಾರ. ಎಲ್ಲರೂ ಊಟಕ್ಕೆ ಕೂತಿದ್ದೆವು. ಅವ್ವ ನನಗೆ ತುತ್ತಿಡಲು ಪಕ್ಕಕ್ಕೆ ಬಂದಳು. ಆಗ ಅಪ್ಪ, ಅಜ್ಜಿಯ ಪಕ್ಕದಲ್ಲಿ ಕೂತವನು, ತನ್ನ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಎಡಗೈಯನ್ನು ತಟ್ಟೆಗೆ ಹಾಕಿದ. ಮುದ್ದೆ ಮುರಿಯಲು ಹೋದ, ಮುದ್ದೆ ಉರುಳಿತು. ಹಿಡಿದು ತಂದು ಸಾರಿಗೆ ಅದ್ದಿದ, ಸಾರು ಮೊಣಕೈ ತನಕ ಇಳಿಯಿತು. ಬಾಯಿಗೆ ಹೋದ ತುತ್ತಿನಲ್ಲಿ ಅರ್ಧ ಮೀಸೆಗೆ ಅಂಟಿತು. ನಾವು ಅಜ್ಜಿಯನ್ನು ನೋಡಿದೆವು.

"ಬಲೇ ಕಷ್ಟದ ಕೆಲ್ಸ ಕಣವ್ವ ಇದು," ಅಪ್ಪ ಗಂಭೀರವಾಗಿ ಹೇಳಿದ. "ನನ್ ಕೈಲಿ ಆಗ್ತಿಲ್ಲ. ಈ ಮಗ ಎಮ್ಮೆ ಸಂದೀಲಿ ಕುಂತ್ಕಂಡು ಕಲೀತಾ ಅವಳೆ."

ಅಕ್ಕನೂ ಬಲಗೈ ಹಿಂದಕ್ಕಿಟ್ಟು ಎಡಗೈ ಹಾಕಿದಳು. ಅವಳ ಮುದ್ದೆ ನೆಲಕ್ಕೇ ಇಳಿಯಿತು. ನನಗೆ ನಗು ತಡೆಯಲಾಗಲಿಲ್ಲ, ಅವ್ವನಿಗೂ. ಅಜ್ಜಿ ಮಗನ ಮೀಸೆ ನೋಡಿದಳು, ಮೊಮ್ಮಗಳ ತಟ್ಟೆ ನೋಡಿದಳು, ನೆಲದ ಮೇಲಿನ ಸಾರು ನೋಡಿದಳು.

"ಮಾನಗೆಟ್ಟೋರಾ, ಅಂಗಲ್ಲ ಮುರ್ಯೋದು!"

ಎಂದವಳೇ ತನ್ನ ಎಡಗೈ ಎತ್ತಿದಳು. ಹೆಬ್ಬೆರಳನ್ನು ಮುದ್ದೆಯ ಪಕ್ಕಕ್ಕೆ ಒತ್ತಿ, ಎರಡು ಬೆರಳಲ್ಲಿ ಸಣ್ಣಗೆ ತಿರುವಿ, ನಿಂಬೆಹಣ್ಣಿನಷ್ಟು ತುಂಡು ಬಿಡಿಸಿ, ಸಾರಲ್ಲಿ ಹೊರಳಿಸಿ ಬಾಯಿಗೆ ಹಾಕಿಕೊಂಡಳು. ಒಂದು ಹನಿ ಬೀಳಲಿಲ್ಲ. ದಿನವೂ ಬಲಗೈಯಲ್ಲಿ ಉಣ್ಣುವುದಕ್ಕಿಂತ ನಯವಾಗಿತ್ತು ಅದು. ಅಪ್ಪ ಬಾಯಿ ತೆರೆದುಕೊಂಡು ನೋಡುತ್ತಿದ್ದ. ಅಷ್ಟು ವರ್ಷ ಅವಳ ಮಗನಾಗಿದ್ದೂ ಅವನಿಗೆ ಗೊತ್ತಿರಲಿಲ್ಲ.

"ನಾನೂ ಎಡಚೀನೇ ಕಣೇ," ಅಜ್ಜಿ ನನ್ನ ಕಡೆ ನೋಡದೆ ಹೇಳಿದಳು. "ನಮ್ಮವ್ವ ಉಣಸೆ ಬರ್ಲಲ್ಲಿ ಒಡ್ದು ಒಡ್ದು ಬುಡುಸುದ್ಲು. ಮದ್ವೆ ಆದ್ಮೇಲೆ ಅತ್ತೆ ಮನೇಲಿ ಗೊತ್ತಾದಾತು ಅಂತ ಈ ಕೈಯ ಸೀರೆಗೆ ಗಂಟಾಕ್ಕಂಡು ಉಂಡಿವ್ನಿ. ನಿಂಗೂ ನಾಳೆ ಯಾರಾದ್ರೂ ಒಡೆದಾರು ಅಂತ ಬೈತಿದ್ದೆ ಕಣ್ ಮಗ. ಇನ್ನೇನಿಲ್ಲ."

ಅವ್ವ ಎದ್ದು ಹೋಗಿ ಅಜ್ಜಿಯ ತಟ್ಟೆಗೆ ಇನ್ನೊಂದು ಬಿಸಿ ಮುದ್ದೆ ಇಟ್ಟು, ತುಪ್ಪ ಬಿಟ್ಟಳು. ಅಜ್ಜಿ ಅದನ್ನೂ ಎಡಗೈಯಲ್ಲೇ ಉಂಡಳು. ಆಮೇಲೆ ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡು, ನನ್ನ ಹೆಬ್ಬೆರಳನ್ನು ತನ್ನ ಕೈಯಿಂದ ಹಿಡಿದು ಮುದ್ದೆಗೆ ಒತ್ತಿಸಿದಳು.

ಅವತ್ತಿನಿಂದ ನನಗೆ ಮನೆಯಲ್ಲೇ ಒಬ್ಬ ಎಡಗೈ ಗುರು ಸಿಕ್ಕಳು. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಕೈ ಎಂದರೆ ಏನು ಎಂಬುದು ಗೊತ್ತಿತ್ತು. ಅವರೆಕಾಯಿ ಸುಲಿಸಿದಳು, ಹೂವು ಕಟ್ಟಿಸಿದಳು, ಮೊರದಲ್ಲಿ ರಾಗಿ ಹಸನು ಮಾಡಿಸಿದಳು. ಬಲಗೈಯ ಉಳಿದ ಎರಡು ಬೆರಳಿಗೂ ಕೆಲಸ ಕೊಟ್ಟಳು. ನಾನು ಬರೆಯುವಾಗ ಎದುರಿಗೆ ಕೂತು ಅಕ್ಷರ ನೋಡದೆ ನನ್ನ ಮಣಿಕಟ್ಟನ್ನೇ ನೋಡುತ್ತಿದ್ದಳು.

"ಅಷ್ಟೊಂದ್ ಬಿಗಿ ಯಾಕೆ? ಕಳ್ಳನ್ನ ಇಡ್ಕಂಡಂಗೆ ಇಡ್ಕಬ್ಯಾಡ. ಪುಸ್ತಕ ವಾರೆಯಾಗಿ ಮಡಿಕ್ಕೊ. ರಂಗೋಲಿ ಬುಡುವಾಗ ನಾನ್ ಅಂಗೆ ತಿರುಕ್ಕಂಡೇ ಕೂರ್ತಿದ್ದೆ."

ಪುಸ್ತಕವನ್ನು ವಾರೆಯಾಗಿ ಇಟ್ಟುಕೊಂಡೆ. ಕೈ ಹಗುರಾಯಿತು. ನಾನೀಗ ಹುಣಸೂರಿನಲ್ಲಿ ಸರ್ವೆಯರ್ ಕೆಲಸದಲ್ಲಿದ್ದೇನೆ. ಜಮೀನಿನ ನಕ್ಷೆಗಳನ್ನು ಮೇಜಿನ ಮೇಲೆ ಬಿಡಿಸುವಾಗ ಈಗಲೂ ಹಾಳೆಯನ್ನು ಅಷ್ಟೇ ವಾರೆಯಾಗಿ ಇಟ್ಟುಕೊಳ್ಳುತ್ತೇನೆ. ಇದು ಯಾವ ತರಬೇತಿಯಲ್ಲಿ ಹೇಳಿಕೊಟ್ಟಿದ್ದು ಎಂದು ಹೊಸದಾಗಿ ಬಂದವರು ಕೇಳುವುದುಂಟು.

ಸಂಕ್ರಾಂತಿ ಕಳೆದ ಮೇಲೆ ಮೇಷ್ಟ್ರು, ಪರೀಕ್ಷೆಯಲ್ಲಿ ನನಗೆ ಬೇರೆಯವರಿಂದ ಬರೆಸಲು ಅವಕಾಶವಿದೆ, ನಾನು ಹೇಳುತ್ತ ಹೋದರೆ ಕೆಳಗಿನ ತರಗತಿಯವರೊಬ್ಬರು ಬರೆಯುತ್ತಾರೆ ಎಂದರು. ಒಂದು ದಿನ ಹಾಗೆ ಮಾಡಿಯೂ ನೋಡಿದೆವು. ಬರೆಯಲು ಬಂದ ಹುಡುಗಿ ಚುರುಕಾಗಿಯೇ ಇದ್ದಳು. ತೊಂದರೆ ನನ್ನದೇ. ಕೈಯಲ್ಲಿ ಪೆನ್ನಿದ್ದರೆ ಮಾತ್ರ ನನ್ನ ತಲೆ ಓಡುತ್ತಿತ್ತು, ಬಾಯಿಂದ ಹೇಳಲು ಹೋದರೆ ಎಲ್ಲ ಕಲಸಿಹೋಗುತ್ತಿತ್ತು. ನಾನೇ ಬರೆಯುತ್ತೇನೆ ಎಂದೆ. ಸ್ವಲ್ಪ ಹೆಚ್ಚು ಹೊತ್ತು ಕೊಡಿಸುತ್ತೇನೆ, ಆದರೆ ವೇಗ ಸಾಲದು ಎಂದು ಮೇಷ್ಟ್ರು ಎಚ್ಚರಿಸಿದರು. ಆಮೇಲೆ ಮನೆಯೆಲ್ಲ ವೇಗದ ಹಿಂದೆ ಬಿತ್ತು. ಅವ್ವ ಒಲೆಯ ಮೇಲೆ ಅನ್ನಕ್ಕಿಟ್ಟು, ಅದು ಬೇಯುವಷ್ಟರಲ್ಲಿ ಎರಡು ಪುಟ ಆಗಬೇಕು ಎನ್ನುತ್ತಿದ್ದಳು. ಅಪ್ಪ ಹಾಲು ಹಾಕಿ ಬರುವಷ್ಟರಲ್ಲಿ ನಾಲ್ಕು ಪುಟ. ಅಕ್ಕ ನನ್ನ ಎದುರಿಗೆ ಕೂತು ತಾನೂ ಬರೆಯುತ್ತಿದ್ದಳು. ಮೊದಲು ಮುಗಿಸಿದವರಿಗೆ ಅಜ್ಜಿಯ ಪಾಲಿನ ಬೆಲ್ಲ. ಬಹಳ ದಿನ ಬೆಲ್ಲ ಅಕ್ಕನಿಗೇ ಹೋಯಿತು. ಫೆಬ್ರವರಿ ಕೊನೆಯಲ್ಲಿ ಒಂದು ದಿನ ನನಗೆ ಬಂತು. ಹೆಣ್ಣು ನೋಡಲು ಬರುತ್ತೇವೆಂದು ಮಿರ್ಲೆಯ ಕಡೆಯವರು ಅದೇ ವಾರ ಹೇಳಿ ಕಳಿಸಿದ್ದರು. ಅಪ್ಪ 'ನೋಡಾನ' ಎನ್ನುವ ಮೊದಲೇ ಅಜ್ಜಿ ಉತ್ತರ ಕೊಟ್ಟಳು.

"ನಮ್ಮ ಮಗ ಪರೀಕ್ಷೆಗೆ ಓದ್ತಾ ಅವಳೆ, ಈಗ ಪುರುಸೊತ್ತಿಲ್ಲ ಅಂತ ಯೋಳ್ಬುಡಿ."

ಪಿರಿಯಾಪಟ್ಟಣದಲ್ಲಿ ಪರೀಕ್ಷೆ. ಅವ್ವ ಕಟ್ಟಿಕೊಟ್ಟ ಚಿತ್ರಾನ್ನ ಹಿಡಿದು ಇಬ್ಬರೂ ಬಸ್ಸಿನಲ್ಲಿ ಹೋಗಿ ಬಂದೆವು. ಎಲ್ಲ ಚೆನ್ನಾಗಿಯೇ ಆಯಿತು, ಗಣಿತದ ದಿನದ ತನಕ. ರೇಖಾಗಣಿತದ ಚಿತ್ರ ಬಿಡಿಸುವಾಗ ಬಲಗೈಯಲ್ಲಿ ಒತ್ತಿ ಹಿಡಿದ ಸ್ಕೇಲು ಜಾರತೊಡಗಿತು. ಗೆರೆ ಎಳೆದೆ, ಅಳಿಸಿದೆ, ಮತ್ತೆ ಎಳೆದೆ. ಕೈ ಬೆವರಿದಷ್ಟೂ ಸ್ಕೇಲು ಜಾರಿತು. ಗಂಟೆ ಬಾರಿಸಿದಾಗ ಎರಡು ಪುಟ ಖಾಲಿ ಉಳಿದಿದ್ದವು.

ಫಲಿತಾಂಶದ ದಿನ ಅಕ್ಕ ಪಾಸು, ನಾನು ಗಣಿತದಲ್ಲಿ ಫೇಲು. ಅಪ್ಪ ಜಗಲಿಯಲ್ಲಿ ನಿಂತು ಎರಡೂ ಸುದ್ದಿಯನ್ನು ಒಂದೇ ಉಸಿರಿನಲ್ಲಿ ಹೇಳಿದ, ಯಾವುದನ್ನು ಮೊದಲು ಹೇಳಬೇಕೆಂದು ಗೊತ್ತಾಗದೆ. ಅಕ್ಕ ತನ್ನ ಅರ್ಧವನ್ನು ಕೇಳಿಸಿಕೊಳ್ಳಲೇ ಇಲ್ಲ. ನಾನು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಸಮಾಧಾನವಾಗುವ ತನಕ ಅತ್ತೆ. ಅತ್ತು ಮುಗಿದ ಮೇಲೆ ಮುಖ ತೊಳೆದುಕೊಂಡು ಒಳಗೆ ಬಂದರೆ ಅಡುಗೆಮನೆಯಲ್ಲಿ ವಿಚಿತ್ರ ದೃಶ್ಯ. ಅವ್ವ ಶಾವಿಗೆ ಪೊಟ್ಟಣ ಕೈಯಲ್ಲಿ ಹಿಡಿದು ಒಲೆಯ ಮುಂದೆ ಸುಮ್ಮನೆ ನಿಂತಿದ್ದಾಳೆ. ಪಾಯಸ ಮಾಡಿದರೆ ನನಗೆ ನೋವು, ಮಾಡದಿದ್ದರೆ ಅಕ್ಕನಿಗೆ ಅನ್ಯಾಯ. ಅಜ್ಜಿ ಮಾಡು ಎನ್ನುತ್ತಾಳೆ, ಅಕ್ಕ ಬೇಡವೇ ಬೇಡ ಎನ್ನುತ್ತಾಳೆ. ನನ್ನನ್ನು ನೋಡಿ ಎಲ್ಲರೂ ಬಾಯಿ ಮುಚ್ಚಿದರು.

"ಮಾಡವ್ವ," ಎಂದೆ. "ನಾನ್ ಎರಡ್ ಲೋಟ ಕುಡೀತೀನಿ. ಅಕ್ಕ ಪಾಸಾಗವಳೆ!"

ನಿಜಕ್ಕೂ ಎರಡು ಲೋಟ ಕುಡಿದೆ. ಎರಡನೆಯ ಲೋಟ ಮುಗಿಯುವಷ್ಟರಲ್ಲಿ ಅಕ್ಕ ನನ್ನ ಸ್ಕೇಲು ತಂದು ನಡುಮನೆಯ ನೆಲದ ಮೇಲಿಟ್ಟು, ಎಲ್ಲಿ ಜಾರಿತು ತೋರಿಸು ಎಂದು ಕೂತಿದ್ದಳು. ತೋರಿಸಿದೆ. ಅಪ್ಪ ಹಳೆಯ ಸೈಕಲ್ ಟ್ಯೂಬು ಹುಡುಕಿ ತಂದ. ಅದರಿಂದ ಉದ್ದಕ್ಕೆ ಒಂದು ಪಟ್ಟಿ ಕತ್ತರಿಸಿ, ಪಂಕ್ಚರ್ ಹಾಕುವ ಅಂಟಿನಲ್ಲಿ ಸ್ಕೇಲಿನ ಹೊಟ್ಟೆಗೆ ಅಂಟಿಸಿದೆವು. ಹಾಳೆಯ ಮೇಲಿಟ್ಟು ಅಂಗೈ ಊರಿದರೆ ಸ್ಕೇಲು ನೆಲಕ್ಕೆ ಹೂತಂತೆ ಕೂತಿತು. ನಾನು ಒಂದು ಗೆರೆ ಎಳೆದೆ. ಅಷ್ಟು ನೇರವಾದ ಗೆರೆಯನ್ನು ಕೈ ಚೆನ್ನಾಗಿದ್ದಾಗಲೂ ನಾನು ಎಳೆದಿರಲಿಲ್ಲ. ಅದರ ಮೇಲೆ ಇನ್ನೊಂದು, ಇನ್ನೊಂದು ಎಂದು ಒಂದು ಹಾಳೆ ತುಂಬ ಬರೀ ಗೆರೆ ಎಳೆದುಬಿಟ್ಟೆ. ಎಲ್ಲರೂ ಸುತ್ತ ಕೂತು ಅದನ್ನೇ ನೋಡಿದರು.

ಮರುಪರೀಕ್ಷೆಗೆ ಇನ್ನೂ ದಿನವಿತ್ತು. ಅಷ್ಟರಲ್ಲಿ ಪಿರಿಯಾಪಟ್ಟಣದ ಕಾಲೇಜಿನಲ್ಲಿ ಪಿಯುಸಿಗೆ ಅರ್ಜಿ ಕೊಡತೊಡಗಿದರು. ಅಕ್ಕ ಅರ್ಜಿ ತಂದಳು, ಎರಡು ತಂದಳು. ತನ್ನದನ್ನು ತುಂಬಿಸಿ ಪೆಟ್ಟಿಗೆಯಲ್ಲಿಟ್ಟಳು.

"ನೀನ್ ಪಾಸಾದ್ಮೇಲೆ ಇಬ್ರುದೂ ಒಟ್ಟಿಗೆ ಕೊಡಾನ," ಎಂದಳು.

"ಪಾಸಾಗ್ದಿದ್ರೆ? ನಿನ್ ವರ್ಷ ಹಾಳಾಗದಿಲ್ವಾ?" ನಾನು ರೇಗಿದೆ.

"ಅದಕ್ಕೇ ಯೋಳೀನಿ, ಪಾಸಾಗು."

ಅಪ್ಪ ಬೈದ, ಮೇಷ್ಟ್ರು ಬಂದು ಬುದ್ಧಿ ಹೇಳಿದರು. ಕಾಲೇಜು ತೆರೆಯಿತು, ಅವಳು ಕದಲಲಿಲ್ಲ. ಅವಳ ವರ್ಷ ನನ್ನ ಕೈಯಲ್ಲಿದೆ ಎಂಬ ಭಯಕ್ಕೆ ನಾನು ಓದಿದಷ್ಟು ಬೇರೆ ಯಾವ ಭಯಕ್ಕೂ ಓದಿಲ್ಲ. ಬೆಳಗ್ಗೆ ಎದ್ದರೆ ಲೆಕ್ಕ, ಎಮ್ಮೆ ಮೇಯಿಸಲು ಹೋದರೂ ಲೆಕ್ಕ. ಪರೀಕ್ಷೆಯ ದಿನ ಅಕ್ಕ ನನ್ನ ಜೊತೆ ಬಂದು ಹೊರಗೆ ಹೊಂಗೆ ಮರದ ಕೆಳಗೆ ಕೂತಿದ್ದಳು. ಕೊನೆಯ ಗಂಟೆ ಬಾರಿಸುವ ಮೊದಲೇ ನಾನು ಮುಗಿಸಿ, ಎಲ್ಲ ಪುಟವನ್ನೂ ಒಮ್ಮೆ ನೋಡಿ, ಕಿಟಕಿಯಿಂದ ಅವಳಿಗೆ ಎಡಗೈ ಎತ್ತಿ ತೋರಿಸಿದೆ. ಅವಳು ಎದ್ದು ನಿಂತು ಮೇಷ್ಟ್ರಂತೆ ಕನ್ನಡಕ ಏರಿಸಿಕೊಂಡಳು. ಕೋಣೆಯೊಳಗಿದ್ದ ಮೇಡಂ ಮುಂದೆ ನೋಡು ಎಂದು ಗದರಿದರು.

ಪಾಸಾದೆ. ಅಂಕ ದೊಡ್ಡದಲ್ಲ, ಆದರೆ ಚಿತ್ರದ ಪ್ರಶ್ನೆ ಒಂದನ್ನೂ ಬಿಟ್ಟಿರಲಿಲ್ಲ. ಅರ್ಜಿ ಕೊಡುವ ಕೊನೆಯ ದಿನಕ್ಕೆ ಎರಡು ದಿನ ಮುಂಚೆ ಇಬ್ಬರ ಅರ್ಜಿಯನ್ನೂ ಅಪ್ಪ ತಾನೇ ಒಯ್ದು ಕೊಟ್ಟು ಬಂದ.

ಕಾಲೇಜಿನ ಮೊದಲ ದಿನಕ್ಕೆಂದು ಅವ್ವ ಇಬ್ಬರಿಗೂ ಒಂದೇ ಬಣ್ಣದ ಚೂಡಿದಾರ ಹೊಲಿಸಿದ್ದಳು. ತರಗತಿ ಶುರುವಾಗಿ ವಾರಗಳೇ ಆಗಿದ್ದರಿಂದ ಹಿಂದಿನ ಬೆಂಚು ಒಂದೇ ಖಾಲಿ ಇತ್ತು. ಅಕ್ಕ ಒಳಗೆ ಸರಿದು ಕೂತಳು, ನಾನು ಅವಳ ಬಲಕ್ಕೆ ಕೂತೆ. ಇತಿಹಾಸದ ಮೇಷ್ಟ್ರು ಹೇಳುತ್ತ ಹೋದರು, ಇಬ್ಬರೂ ಬರೆಯಲು ಶುರು ಮಾಡಿದೆವು. ಅವಳ ಬಲ ಮೊಣಕೈ, ನನ್ನ ಎಡ ಮೊಣಕೈ ಢಿಕ್ಕಿ ಹೊಡೆದವು. ಅವಳ ಪುಸ್ತಕದ ಮೇಲೆ ಉದ್ದಕ್ಕೆ ಒಂದು ಗೀಟು. ಸರಿಯಾಗಿ ಕೂತೆವು, ಮತ್ತೆ ಢಿಕ್ಕಿ, ನನ್ನ ಪುಸ್ತಕದ ಮೇಲೂ ಗೀಟು. ಮನೆಯಲ್ಲಿ ಯಾವಾಗಲೂ ಎದುರುಬದುರು ಕೂತು ಬರೆಯುತ್ತಿದ್ದೆವು, ಒಂದೇ ಬೆಂಚಿನಲ್ಲಿ ಅಕ್ಕಪಕ್ಕ ಕೂತವರೇ ಅಲ್ಲ. ಇಬ್ಬರಿಗೂ ಕಿಸಕ್ಕನೆ ನಗು ಬಂತು.

"ಏನಮ್ಮ ಅದು, ಹಿಂದಿನ ಬೆಂಚು? ಎದ್ದೇಳಿ. ಹೊಸಬರಾ? ಅಕ್ಕತಂಗೀರಾ?"

"ಹೌದು ಸಾರ್."

"ಅವಳಿ ಜವಳಿನಾ?"

"ಅಲ್ಲ ಸಾರ್. ನಾನು ದೊಡ್ಡೋಳು," ಎಂದಳು ಅಕ್ಕ.

"ಮತ್ತೆ ಇಬ್ರೂ ಒಂದೇ ಕ್ಲಾಸಲ್ಲಿ ಹೆಂಗೆ?"

ತರಗತಿಯೆಲ್ಲ ಹಿಂತಿರುಗಿ ನೋಡಿತು. ಒಂದು ವರ್ಷದ ಹಿಂದೆ ಇದೇ ಪ್ರಶ್ನೆಯ ಭಯಕ್ಕೆ ಅಕ್ಕ ರಾಗಿ ಮೂಟೆಗಳ ಹಿಂದೆ ಕೂತಿದ್ದವಳು. ಅವಳು ಮೇಷ್ಟ್ರ ಮುಖವನ್ನೇ ನೋಡುತ್ತ, ಎಲ್ಲರಿಗೂ ಕೇಳುವಂತೆ ಹೇಳಿದಳು:

"ನಾನೂ ಎರಡು ಸಲ ಬರೆದು ಪಾಸಾದೆ ಸಾರ್, ಇವಳೂ ಎರಡು ಸಲ ಬರೆದು ಪಾಸಾದ್ಲು. ಇಬ್ರಿಗೂ ಸರಿಹೋಯ್ತು."

ಮೇಷ್ಟ್ರೇ ಮೊದಲು ನಕ್ಕರು, ಅವರ ಹಿಂದೆ ತರಗತಿಯೆಲ್ಲ ನಕ್ಕಿತು. ಯಾರ ನಗುವಿನಲ್ಲೂ ಚುಚ್ಚುವಂಥದ್ದೇನೂ ಇರಲಿಲ್ಲ.

"ಸರಿ, ಸರಿ. ಈಗ ನಗೋದಕ್ಕೆ ಏನಾಯ್ತು?"

"ಇವಳು ಎಡಗೈಲಿ ಬರೀತಾಳೆ ಸಾರ್. ಮೊಣಕೈ ತಾಕ್ತದೆ."

"ಅಷ್ಟೇನಾ? ಹಂಗಾದ್ರೆ ಜಾಗ ಬದಲಾಯ್ಸಿಕೊಂಡು ಕೂತ್ಕೊಳ್ಳಿ."

ಅಕ್ಕ ಈಚೆಗೆ ಬಂದಳು, ನಾನು ಆಚೆಗೆ ಸರಿದೆ. ಈಗ ನನ್ನ ಎಡಗೈಗೆ ಬೆಂಚಿನ ತುದಿ, ಅವಳ ಬಲಗೈಗೆ ಇನ್ನೊಂದು ತುದಿ, ನಡುವೆ ಬೇಕಾದಷ್ಟು ಜಾಗ. ಮೇಷ್ಟ್ರು ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದ ಹೇಳತೊಡಗಿದರು. ನಾವು ಬರೆದುಕೊಳ್ಳತೊಡಗಿದೆವು.